ಕೂದಲು ಉದುರಿದರೆ ‘ಉರಿಯೂತದ ಪ್ಯಾಕೇಜ್’ ಎನ್ನುವವರಿಗೆ ಮುಂಗಡ ಕಟ್ಟಬೇಡಿ

ಶಿವಮೊಗ್ಗದ ಒಂದು ಕೂದಲು ಚಿಕಿತ್ಸಾ ಕೇಂದ್ರದಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿಯ ತಲೆಯ ಹಿಂಭಾಗದಲ್ಲಿ ಎಂಟಾಣೆ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿತ್ತು. ತೀರ್ಥಹಳ್ಳಿ ಕಡೆಯ ನೆಂಟರೆಲ್ಲ ಹುಳ ತಿಂದಿದೆ ಎಂದರು. ಹುಳವಲ್ಲ, ದೇಹದ ರಕ್ಷಣಾ ಕಣಗಳೇ ಕೂದಲಿನ ಬುಡದ ಮೇಲೆ ಬೀಳುವ ಅಲೋಪೇಶಿಯ ಏರಿಯೇಟ ಎಂದು ಕೇಂದ್ರದವರು ಹೇಳಿದರು; ಅಷ್ಟು ಮಾತ್ರ ನಿಜ.

ರಕ್ತದಲ್ಲಿ ಉರಿಯೂತ ಎಷ್ಟಿದೆಯೆಂದು ತಿಳಿಯದೆ ಚಿಕಿತ್ಸೆ ಆರಂಭಿಸುವಂತಿಲ್ಲ ಎಂದು ಹೆದರಿಸಿ, ಸಿಆರ್‌ಪಿ, ಇಎಸ್‌ಆರ್, ಇಂಟರ್‌ಲ್ಯೂಕಿನ್-6 ಎಂಬ, ಉರಿಯೂತ ಅಳೆಯುವ ರಕ್ತಪರೀಕ್ಷೆಗಳೆಲ್ಲವನ್ನೂ ಪದೇ ಪದೇ ಮಾಡಿಸುವ ಪ್ಯಾಕೇಜಿಗೆ ಪೂರ್ತಿ ಹಣವನ್ನು ಮೊದಲೇ ಕಟ್ಟಿಸಿಕೊಂಡರು. ಸಿಆರ್‌ಪಿ 14 ಬಂತು, ಇರಬೇಕಾದದ್ದಕ್ಕಿಂತ ಹೆಚ್ಚು. ಆ ವಾರ ಅವಳಿಗೆ ಜ್ವರವಿತ್ತು, ಗಂಟಲು ಕಟ್ಟಿತ್ತು (ಆಷಾಢದ ಮಳೆಯಲ್ಲಿ ನಮ್ಮ ಕಡೆ ಯಾರಿಗಿರುವುದಿಲ್ಲ?). ಅದನ್ನು ಹೇಳಿದೆವು, ಯಾರೂ ಬರೆದುಕೊಳ್ಳಲಿಲ್ಲ. ಆ ಸಂಖ್ಯೆಯ ಸುತ್ತ ಕೆಂಪು ಪೆನ್ನಿನಿಂದ ಎರಡು ಸುತ್ತು ಎಳೆದು, ದುಬಾರಿ ಎಣ್ಣೆ, ಮಾತ್ರೆಗಳನ್ನು ಕೊಟ್ಟರು.

ಮುಂದಿನ ವರದಿಯಲ್ಲಿ ಸಿಆರ್‌ಪಿ 3ಕ್ಕೆ ಇಳಿದಿತ್ತು. “ರೋಗ ಹತೋಟಿಗೆ ಬಂದಿದೆ, ಕಂಗ್ರಾಟ್ಸ್ ಮೇಡಂ” ಎಂದು ಎಲ್ಲರ ಎದುರು ಕೈ ಕುಲುಕಿದರು. ತಂಗಿ ಏನೂ ಮಾತಾಡದೆ ಜಡೆ ಬಿಚ್ಚಿ ಕಿವಿಯ ಹಿಂದೆ ಕೂದಲು ಸರಿಸಿದಳು. ಅಲ್ಲಿ ಹೊಸದಾಗಿ ಇನ್ನೆರಡು ಕಡೆ ಬೋಳಾಗಿತ್ತು. ಅದಕ್ಕೆ ಬಂದ ಉತ್ತರ: “ರಕ್ತದಲ್ಲಿ ಇಳಿದಿದೆ, ತಲೆಗೆ ತಲುಪಲು ಸಮಯ ಬೇಕು.” ಇಳಿದದ್ದು ಜ್ವರ! ಕಾಯುತ್ತಾ ಕುಳಿತಿದ್ದವರೆಲ್ಲ ಅವಳ ತಲೆಯನ್ನೇ ನೋಡುತ್ತಿದ್ದಾಗ ನನಗಾದ ಅವಮಾನ ಇನ್ನೂ ಆರಿಲ್ಲ.

ಆಮೇಲೆ ತೋರಿಸಿದ ಚರ್ಮರೋಗ ತಜ್ಞೆ ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ಇಟ್ಟು, ಬೋಳು ಜಾಗದ ಅಂಚಿನಲ್ಲಿ ತುದಿ ದಪ್ಪಗಿದ್ದು ಬುಡ ಸಪೂರವಾದ ಮುರುಕು ಕೂದಲುಗಳನ್ನು ನಮಗೂ ತೋರಿಸಿದರು. ಈ ಕಾಯಿಲೆಯನ್ನು ಗುರುತಿಸುವುದು ಹಾಗೆ. ಉರಿಯೂತ ಇರುವುದು ಕೂದಲಿನ ಬುಡದಲ್ಲಿ. ಸಿಆರ್‌ಪಿಯೋ ಯಕೃತ್ತು ತಯಾರಿಸುವ ಪ್ರೋಟೀನ್, ನೆಗಡಿ ಜ್ವರಕ್ಕೂ ಏರಬಹುದು, ಹಲ್ಲಿನ ಕೀವಿಗೂ ಏರಬಹುದು, ಕೂದಲು ಉದುರುತ್ತಿರುವಾಗಲೂ ಸರಿಯಾಗಿಯೇ ಇರಬಹುದು. ಅವರು ಬರೆದ ರಕ್ತಪರೀಕ್ಷೆ ಥೈರಾಯ್ಡ್ ಒಂದೇ, ಏಕೆಂದರೆ ಅದರ ತೊಂದರೆ ಈ ಕಾಯಿಲೆಯ ಜೊತೆಗೆ ಬರುವುದುಂಟು. ಬೋಳು ಜಾಗಗಳಿಗೇ ಟ್ರಯಾಮ್ಸಿನಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಚಿಕ್ಕ ಬೋಳು ಎಷ್ಟೋ ಜನರಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ ಎಂದೂ ಅವರೇ ಹೇಳಿದರು. ಹಾಗೆ ತುಂಬಿಕೊಂಡಿದ್ದರೆ ಆ ಎಣ್ಣೆಗೆ ಎಷ್ಟು ಹೆಸರು ಬರುತ್ತಿತ್ತೋ.

ಇಂಥ ಪ್ಯಾಕೇಜ್ ಹೇಳಿದರೆ, ಈ ಸಂಖ್ಯೆ ಏರಿದರೆ ಅಥವಾ ಇಳಿದರೆ ಔಷಧಿಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ, ಬರೆದುಕೊಡುವಂತೆ ಹೇಳಿ. ಉಳಿದ ಹಣ ಕೇಳಿದ್ದಕ್ಕೆ ನಮಗೆ ಬಂದ ಉತ್ತರ ಇದು: “ರೀಫಂಡ್ ಇಲ್ಲ ಮೇಡಂ, ಬೇಕಾದರೆ ಉಳಿದ ಟೆಸ್ಟ್‌ಗಳನ್ನು ನಿಮ್ಮ ತಾಯಿಗೆ ಮಾಡಿಸಿಕೊಳ್ಳಿ.”