ಗಬ್ಬದ ಹಂದಿ ಈಯುವ ದಿನ: ಬೆರಳೆಣಿಕೆ, ಚಕ್ರ, ಗೋಡೆ ಕ್ಯಾಲೆಂಡರ್, ಮೊಬೈಲು

ಹಂದಿಯ ಗಬ್ಬದ ಅವಧಿ 114 ದಿನ. ಹೆಚ್ಚಿನವು 112ರಿಂದ 117ರೊಳಗೆ ಈಯುತ್ತವೆ. ತಳಿ ಕಾಣಕೋಣದ ಕಡೆಯ ಆಗೊಂಡ ಗೋವನ್ ಆಗಲಿ, ಬಿಳಿ ಯಾರ್ಕ್‌ಶೈರ್ ಆಗಲಿ, ಲೆಕ್ಕ ಒಂದೇ. ಗೋವಾದಲ್ಲಿ ಹಂದಿ ಸಾಕುವ ನಮ್ಮ ಕನ್ನಡದವರು ಇದನ್ನು ತಲೆಗೆ ಹಚ್ಚಿಕೊಳ್ಳುವುದು ಕ್ರಿಸ್‌ಮಸ್ಸಿನ ಎಳೆಮರಿಗಾಗಿ. ಡಿಸೆಂಬರ್ 24ಕ್ಕೆ ಏಳು ವಾರದ ಮರಿ ಬೇಕೆಂದರೆ ಅದು ನವೆಂಬರ್ 5ಕ್ಕೆ ಹುಟ್ಟಬೇಕು. ಅಂದರೆ ತಾಯಿ ಜುಲೈ 14ಕ್ಕೆ, ಸುರಿಯುವ ಮಳೆಯಲ್ಲೇ, ಕ್ರಾಸ್ ಆಗಿರಬೇಕು, ಎಂದರೆ ಗಂಡುಹಂದಿಯ ಜೊತೆ ಕೂಡಿರಬೇಕು. ಈ ಜುಲೈ 14ನ್ನೇ ಹಿಡಿದು ಎಲ್ಲ ದಾರಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು.

ಎಲ್ಲರ ಬಾಯಲ್ಲಿರುವುದು ಮೂರು–ಮೂರು–ಮೂರು: ಮೂರು ತಿಂಗಳು, ಮೂರು ವಾರ, ಮೂರು ದಿನ. ಓದು ಬಾರದವರಿಗೂ ನೆನಪಿರುತ್ತದೆ, ಅದೇ ಇದರ ಬಲ. ಆದರೆ ಇದು ತಿಂಗಳಿಗೆ 30 ದಿನವೆಂದು ನಂಬಿದ ಲೆಕ್ಕ. ಜುಲೈ, ಆಗಸ್ಟ್ ಎರಡಕ್ಕೂ 31 ದಿನ ಇರುವುದರಿಂದ ಜುಲೈ 14ಕ್ಕೆ ಇದು ಕೊಡುವ ಉತ್ತರ ನವೆಂಬರ್ 7, ಅಂದರೆ 116ನೇ ದಿನ. ಫೆಬ್ರವರಿ 14ಕ್ಕೆ ಹಾಕಿದರೆ ಜೂನ್ 7, ಅದು 113ನೇ ದಿನ. ಒಂದು ದಿನ ಮೊದಲೇ ಕಾಯ್ದರೆ ನಿದ್ದೆ ಮಾತ್ರ ಹಾಳು. ಎರಡು ದಿನ ತಡವಾಗಿ ಹೋದರೆ ಮರಿಗಳು ತಾಯಿಯ ಕೆಳಗೆ ಸಿಕ್ಕಿ ಸತ್ತಿರುತ್ತವೆ. ಮಳೆಗಾಲದ ಕ್ರಾಸಿಗೆ ಈ ಲೆಕ್ಕ ನಂಬಬೇಡಿ.

ಇನ್ನು ಕೆಲವರು ನಾಲ್ಕು ತಿಂಗಳು ಮುಂದೆ ಹೋಗಿ ಎಂಟು ದಿನ ಕಳೆಯುತ್ತಾರೆ. ಜುಲೈ 14ಕ್ಕೆ ನವೆಂಬರ್ 6 ಬರುತ್ತದೆ, ಫೆಬ್ರವರಿ 14ಕ್ಕೆ ಜೂನ್ 6. ಒಟ್ಟಾರೆ 112ರಿಂದ 115ರೊಳಗೆ ನಿಲ್ಲುತ್ತದೆ. ತಪ್ಪಿದರೂ ಹೆಚ್ಚಾಗಿ ಮುಂಚಿತದ ಕಡೆಗೇ ತಪ್ಪುವುದರಿಂದ ಬಾಯಿಲೆಕ್ಕಗಳಲ್ಲಿ ಇದಕ್ಕೇ ನಮ್ಮ ವೋಟು.

ಚಕ್ರ ನೋಡಲು ಚೆಂದ: ಒಂದರ ಮೇಲೊಂದು ಎರಡು ಬಿಲ್ಲೆ, ಕ್ರಾಸ್ ದಿನಕ್ಕೆ ಬಾಣ ತಿರುಗಿಸಿದರೆ ಈಯುವ ದಿನ ಎದುರಿಗೆ. 12 ಸೆಂ.ಮೀ. ಅಡ್ಡಳತೆಯ ಚಕ್ರದ ಅಂಚಿನಲ್ಲಿ ಒಂದು ದಿನಕ್ಕೆ ಸಿಗುವ ಜಾಗ ಸುಮಾರು ಒಂದು ಮಿಲಿಮೀಟರ್. ನಡುವಿನ ಮೊಳೆ ಸಡಿಲವಾದರೆ, ಇಲ್ಲಿನ ತೇವಕ್ಕೆ ರಟ್ಟು ಉಬ್ಬಿದರೆ, ಒಂದೆರಡು ದಿನ ಸುಮ್ಮನೆ ಜಾರಿಹೋಗುತ್ತವೆ. ಸಾಮಾನ್ಯ ಚಕ್ರದಲ್ಲಿ 365 ಗೆರೆಗಳಷ್ಟೇ ಇರುತ್ತವೆ. 2028ರ ಫೆಬ್ರವರಿ 29 ಗಬ್ಬದ ನಡುವೆ ಬಂದರೆ ಚಕ್ರ ಹೇಳಿದ್ದಕ್ಕಿಂತ ಒಂದು ದಿನ ಕಳೆಯಬೇಕು.

ಮೊಬೈಲಿನ ಶೀಟು (ಲೆಕ್ಕ ಹಾಕುವ ಸ್ಪ್ರೆಡ್‌ಶೀಟ್) ತಪ್ಪು ಕೂಡುವುದಿಲ್ಲ. ಕ್ರಾಸ್ ದಿನದ ಮನೆಗೆ 114 ಕೂಡಿಸಿ, ಪಕ್ಕದಲ್ಲಿ +21, +42, +107 ಎಂದು ಇನ್ನೂ ಮೂರು ಕಂಬ (ಕಾಲಂ) ಮಾಡಿ. ಮೊದಲೆರಡು ಮತ್ತೆ ಬೆದೆ ಬಂತೇ ಎಂದು ನೋಡುವ ದಿನಗಳು, 107 ಹಂದಿಯನ್ನು ತೊಳೆದು ಈಯುವ ಗೂಡಿಗೆ ಸೇರಿಸುವ ದಿನ. ಇದರ ಎಡವಟ್ಟು ಬೇರೆ ಕಡೆ: ಶೀಟಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05/07 ಜುಲೈ 5 ಆಗುವ ಬದಲು ಮೇ 7 ಆಗುತ್ತದೆ, ಎರಡು ತಿಂಗಳೇ ಮಾಯ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಕಾಟವಿಲ್ಲ. ಹೆಂಗಸರ ಬಸಿರಿನ ಆಪ್ ಮಾತ್ರ ಇದಕ್ಕೆ ಬೇಡ.

ನಮಗೆ ಹಿಡಿಸಿದ್ದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್. 114 ಎಂದರೆ 16 ವಾರ ಮತ್ತು ಎರಡು ದಿನ. ಮಂಗಳವಾರ ಕ್ರಾಸ್ ಆದರೆ ಹದಿನಾರು ಮಂಗಳವಾರ ಬೆರಳಿಟ್ಟು ಎಣಿಸಿ, ಗುರುವಾರಕ್ಕೆ ಸುತ್ತು ಹಾಕಿ. ಕ್ರಾಸ್ ಆದ ಮಂಗಳವಾರವನ್ನು ಎಣಿಸಬಾರದು, ಅದು ಸೊನ್ನೆ. ತಿಂಗಳಿಗೆ 30 ಇರಲಿ 31 ಇರಲಿ, ವಾರ ಬದಲಾಗುವುದಿಲ್ಲ. 2026ರ ಜುಲೈ 14 ಮಂಗಳವಾರ. ಎಣಿಸಿದರೆ ಸರಿಯಾಗಿ ನವೆಂಬರ್ 5, ಗುರುವಾರ. ಗೂಡು ನೋಡುವ ಹುಡುಗನಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಕೊರತೆ ಒಂದೇ: ಸೆಪ್ಟೆಂಬರ್ 8ರ ನಂತರದ ಕ್ರಾಸೆಲ್ಲ ಮುಂದಿನ ವರ್ಷಕ್ಕೆ ದಾಟುತ್ತದೆ, ಹೊಸ ಕ್ಯಾಲೆಂಡರ್ ಆಗ ಕೈಗೆ ಬಂದಿರುವುದಿಲ್ಲ.

ಇಷ್ಟೆಲ್ಲ ಲೆಕ್ಕಗಳ ನಡುವಿನ ಅಂತರ ಎರಡು ದಿನ ಮೀರುವುದಿಲ್ಲ. ಮೂರು ವಾರ ತಪ್ಪುವುದು ಆರಂಭದ ದಿನಾಂಕ ತಪ್ಪಿದಾಗ. ಗಂಡುಹಂದಿಯನ್ನು ಹೆಣ್ಣುಗಳ ಜೊತೆ ಬಿಟ್ಟೇ ಇಟ್ಟರೆ ಯಾವ ದಿನ ಹಿಡಿಯುತ್ತೀರಿ? ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ. ಮೊದಲ ಸಲ ಗಬ್ಬ ನಿಲ್ಲದೆ ಎರಡನೇ ಬೆದೆಯಲ್ಲಿ ನಿಂತರೂ ಗೋಡೆಯ ಮೇಲೆ ಹಳೆಯ ಸುತ್ತೇ ಉಳಿದಿರುತ್ತದೆ. ಹಾಗಾಗಿ 18ರಿಂದ 24ನೇ ದಿನದವರೆಗೆ ದಿನಾ ಗಂಡುಹಂದಿಯನ್ನು ಬೇಲಿಯಾಚೆ ನಿಲ್ಲಿಸಿ, ಹೆಣ್ಣಿನ ಬೆನ್ನು ಒತ್ತಿ ನೋಡಿ. ಅಲುಗದೆ ನಿಂತರೆ ಹಳೆಯ ದಿನ ಹೊಡೆದುಹಾಕಿ. 28ರಿಂದ 35 ದಿನದೊಳಗೆ ಸ್ಕ್ಯಾನ್ ಮಾಡಿಸಿದರೆ ಗಬ್ಬ ಖಚಿತ. ಅರ್ಧ ದಿನ, ಒಂದು ದಿನ ಬಿಟ್ಟು ಎರಡು ಸಲ ಕ್ರಾಸ್ ಮಾಡಿಸಿದ್ದರೆ ಮೊದಲನೆಯದರಿಂದಲೇ ಎಣಿಸಿ.

ಕೊನೆಯ ದಿನವನ್ನು ಹೇಳುವುದು ಹಂದಿಯ ಮೈಯೇ, ಆದರೆ ಎಲ್ಲ ಗುರುತಿಗೂ ಒಂದೇ ಬೆಲೆಯಿಲ್ಲ. ಕೆಚ್ಚಲು ಇಳಿಯುವುದು ವಾರ, ಹತ್ತು ದಿನ ಮೊದಲೇ. ದಿನ ಹಿಡಿಯಲು ಅದು ಪ್ರಯೋಜನವಿಲ್ಲ. ಯೋನಿ ಊದುವುದು ಮೂರು ನಾಲ್ಕು ದಿನ ಮುಂಚೆ. ಹುಲ್ಲು, ತೆಂಗಿನ ಗರಿ ಬಾಯಲ್ಲಿ ಎಳೆದು ಗೂಡು ಕಟ್ಟತೊಡಗಿದರೆ ಸಾಮಾನ್ಯವಾಗಿ ಇನ್ನೊಂದು ದಿನದೊಳಗಿನ ಮಾತು. ಬರಿ ಸಿಮೆಂಟು ನೆಲವಿದ್ದರೆ ಈ ಗುರುತು ಸರಿಯಾಗಿ ಕಾಣುವುದಿಲ್ಲ, ಒಂದು ಹಿಡಿ ಹುಲ್ಲಾದರೂ ಹಾಕಿಕೊಡಿ. ಜ್ವರ ನೋಡುವುದು ಇಲ್ಲಿನ ಮೇ ತಿಂಗಳಲ್ಲಿ ಕೆಲಸಕ್ಕೆ ಬಾರದು, ಬಿಸಿಲಿಗೇ ಮೈ ಕಾದಿರುತ್ತದೆ. ಹಾಲು ಮಾತ್ರ ಮೋಸ ಮಾಡುವುದು ಕಡಿಮೆ: ತೊಟ್ಟು ಹಿಂಡಿದಾಗ ನೀರಿನಂಥದ್ದು ಹನಿ ಬಂದರೆ ಇನ್ನೂ ಸಮಯವಿದೆ, ಬಿಳಿ ಹಾಲು ಧಾರೆಯಾಗಿ ಚಿಮ್ಮಿದರೆ ಆ ರಾತ್ರಿ ಮಲಗಬೇಡಿ. ಮರಿಗಳ ಮೂಲೆಯಲ್ಲಿ ಬಲ್ಬು ಹಚ್ಚಿ. ಅವಕ್ಕೆ 32ರಿಂದ 34 ಡಿಗ್ರಿ ಬೇಕು, ಮಡಗಾಂವಿನ ಸೆಖೆ ಕೂಡ ನಡುರಾತ್ರಿ ಅಷ್ಟಿರುವುದಿಲ್ಲ.

ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಟ್ಟು ಬೇಕಾದ ದಿನವೇ ಈಯಿಸುವುದೂ ಒಂದು ದಾರಿ. ಹೆಚ್ಚಿನವು ಒಂದೂವರೆ ದಿನದೊಳಗೆ ಈಯುತ್ತವೆ. ಕ್ರಾಸ್ ದಿನ ಖಚಿತವಿಲ್ಲದ ಹಂದಿಗೆ ಇದು ಬೇಡವೇ ಬೇಡ. 112 ದಿನ ತುಂಬುವ ಮೊದಲು ಕೊಟ್ಟರೆ ಮೊಲೆ ಹಿಡಿಯಲೂ ಶಕ್ತಿಯಿಲ್ಲದ ಮರಿಗಳು ಬೀಳುತ್ತವೆ. ಕೊಡಬೇಕಾದವರು ಪಶುವೈದ್ಯರು. ಬಸುರಿಯರು, ಉಬ್ಬಸ ಇರುವವರು ಆ ಸೀಸೆಯನ್ನು ಮುಟ್ಟಲೂಬಾರದು. ಚರ್ಮದ ಮೂಲಕವೇ ಒಳಗೆ ಇಳಿಯುವ ಔಷಧ ಅದು.