ನೋಕಿಯಾ 5800 ಮತ್ತು ಐಫೋನ್ 3ಜಿ: ಎರಡು ಟಚ್‌ಸ್ಕ್ರೀನ್‌ಗಳು, ಒಂದು ರೇಷ್ಮೆ ಮನೆ

ಐಫೋನ್ 3ಜಿ 2008ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಾಗ ಅದರ 8 ಜಿಬಿ ಮಾದರಿಗೆ 31,000 ರೂಪಾಯಿ ಬೆಲೆಯಿತ್ತು. ಅದೇ ಅಕ್ಟೋಬರ್‌ನಲ್ಲಿ ಪ್ರಕಟಗೊಂಡ ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಅದಕ್ಕಿಂತ ಸಾಕಷ್ಟು ಅಗ್ಗವಾಗಿತ್ತು. ನೋಕಿಯಾ ನನ್ನದು, ಐಫೋನ್ ಅಣ್ಣನದು. ಶಿಡ್ಲಘಟ್ಟದ ಬಳಿಯ, ರೇಷ್ಮೆ ಹುಳು ಸಾಕುವ ನಮ್ಮ ಮನೆಯಲ್ಲಿ ಎರಡನ್ನೂ ಅದಲುಬದಲು ಮಾಡಿಕೊಂಡು ಬಹುಕಾಲ ಬಳಸಿದ್ದೇವೆ. ತಂತ್ರಾಂಶದ ವಿಚಾರವನ್ನು ಬದಿಗಿಟ್ಟು, ಯಂತ್ರಾಂಶವನ್ನಷ್ಟೇ ಇಲ್ಲಿ ಹೋಲಿಸುತ್ತಿದ್ದೇನೆ.

ಅಂಗಡಿಯವನು ಓದಿ ಹೇಳುವ ಪಟ್ಟಿಯಲ್ಲಿ ನೋಕಿಯಾದ್ದೇ ಮೇಲುಗೈ. ಅದರಲ್ಲಿ ಕಾರ್ಲ್ ಝೈಸ್ ಲೆನ್ಸಿನ, ಆಟೋಫೋಕಸ್ ಇರುವ 3.2 ಮೆಗಾಪಿಕ್ಸೆಲ್ ಕ್ಯಾಮೆರಾ, ಎರಡು ಎಲ್‌ಇಡಿ ಫ್ಲ್ಯಾಶ್, ಮುಂಭಾಗದಲ್ಲಿ ಇನ್ನೊಂದು ಚಿಕ್ಕ ಕ್ಯಾಮೆರಾ, ಸ್ಟೀರಿಯೋ ಸ್ಪೀಕರ್, ಎಫ್‌ಎಂ ರೇಡಿಯೋ ಮತ್ತು 16 ಜಿಬಿವರೆಗಿನ ಮೆಮೊರಿ ಕಾರ್ಡ್ ಹಾಕಲು ಜಾಗ ಎಲ್ಲವೂ ಇದ್ದವು. ಐಫೋನಿನ ಕ್ಯಾಮೆರಾ 2 ಮೆಗಾಪಿಕ್ಸೆಲ್‌ನದು. ಫೋಕಸ್ ಸ್ಥಿರ, ಫ್ಲ್ಯಾಶ್ ಇಲ್ಲ, ವಿಡಿಯೋ ಚಿತ್ರೀಕರಣವೂ ಇಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೊಟ್ಟ ಚೀಟಿಯನ್ನು ಹತ್ತಿರದಿಂದ ಫೋಟೋ ತೆಗೆದರೆ ನೋಕಿಯಾದಲ್ಲಿ ತೂಕ, ದರ, ಮೊತ್ತ ಮೂರೂ ಓದುವಂತೆ ಬರುತ್ತಿದ್ದವು. ಐಫೋನಿನಲ್ಲಿ ಅಕ್ಷರಗಳೆಲ್ಲ ಮಸುಕಾಗಿ, ಕೈಯನ್ನು ಹಿಂದಕ್ಕೆ ಸರಿಸಿದಷ್ಟೂ ಚಿಕ್ಕದಾಗುತ್ತಿದ್ದವು. ಈ ವಿಷಯದಲ್ಲಿ ಚರ್ಚೆಗೇ ಆಸ್ಪದವಿಲ್ಲ.

ಆದರೆ ಟಚ್‌ಸ್ಕ್ರೀನ್ ಫೋನ್ ಎಂದು ಕೊಂಡ ಮೇಲೆ ದಿನವಿಡೀ ಬೆರಳು ಓಡಾಡುವುದು ಪರದೆಯ ಮೇಲೆ. ನೋಕಿಯಾದ್ದು ರೆಸಿಸ್ಟಿವ್ ಪರದೆ: ವಿದ್ಯುತ್ ಹರಿಯುವ ಎರಡು ತೆಳು ಪದರಗಳ ನಡುವೆ ಸಣ್ಣ ಅಂತರವಿದ್ದು, ಮೇಲಿನ ಪ್ಲಾಸ್ಟಿಕ್ ಪದರವನ್ನು ಒತ್ತಿದಾಗ ಅದು ಕೆಳಗಿನದಕ್ಕೆ ತಾಗಿದ ಜಾಗವನ್ನು ಫೋನ್ ಗುರುತಿಸುತ್ತದೆ. ಐಫೋನಿನದು ಕೆಪಾಸಿಟಿವ್: ಬೆರಳು ಗಾಜಿನ ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ವ್ಯತ್ಯಾಸವನ್ನು ಅಳೆಯುವುದರಿಂದ ಒತ್ತುವ ಅಗತ್ಯವೇ ಇಲ್ಲ, ಎರಡು ಬೆರಳುಗಳನ್ನು ಅಗಲಿಸಿ ಚಿತ್ರವನ್ನು ಹಿಗ್ಗಿಸಲೂಬಹುದು. ನೋಕಿಯಾ ಒಂದು ಸಲಕ್ಕೆ ಒಂದೇ ಬೆರಳನ್ನು ಬಲ್ಲದು. ಅದರ ಪರದೆ ಚೌಕಟ್ಟಿಗಿಂತ ತುಸು ಒಳಗಿರುವುದರಿಂದ ಅಂಚಿನಲ್ಲಿರುವ, ಪುಟವನ್ನು ಮೇಲೆ ಕೆಳಗೆ ಸರಿಸುವ ಪಟ್ಟಿಯನ್ನು ಎಳೆಯಲು ಉಗುರನ್ನು ಓರೆಯಾಗಿಸಬೇಕಿತ್ತು, ಆ ಸಂದಿಯಲ್ಲಿ ಧೂಳೂ ಕೂರುತ್ತಿತ್ತು.

ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು. ಎರಡರಲ್ಲೂ ಎಆರ್‌ಎಂ 11 ಪೀಳಿಗೆಯ ಪ್ರೊಸೆಸರ್ (ಫೋನಿನ ಮುಖ್ಯ ಚಿಪ್), ಎರಡರಲ್ಲೂ 128 ಎಂಬಿ ರ‍್ಯಾಮ್; ಹಾಗಿದ್ದೂ ಐಫೋನಿನಲ್ಲಿ ಹೆಸರುಗಳ ಪಟ್ಟಿ ಎಣ್ಣೆಯಂತೆ ಜಾರಿದರೆ ನೋಕಿಯಾದಲ್ಲಿ ತಡವರಿಸುತ್ತಿತ್ತು. ತಂತ್ರಾಂಶದ ಪಾಲು ಇದರಲ್ಲಿ ಇದ್ದೇ ಇದೆ, ಆದರೆ ಐಫೋನಿನಲ್ಲಿ ಚಿತ್ರಗಳನ್ನು ಮೂಡಿಸುವುದಕ್ಕೆಂದೇ ಪವರ್‌ವಿಆರ್ ಗ್ರಾಫಿಕ್ಸ್ ಘಟಕವಿತ್ತು ಎಂಬುದೂ ನಿಜ. ನೋಕಿಯಾದಲ್ಲಿ ಅಂಥದ್ದು ಇರಲಿಲ್ಲ, ಪ್ರೊಸೆಸರೇ ಆ ಹೊರೆಯನ್ನೂ ಹೊರಬೇಕಿತ್ತು. ಅಂಗಡಿಯ ಪಟ್ಟಿಯಲ್ಲಿ ಈ ಸಾಲು ಇರುತ್ತಲೇ ಇರಲಿಲ್ಲ.

ಇಷ್ಟಾದರೂ ಹುಳು ಸಾಕುವ ಮನೆಯೊಳಗೆ ಲೆಕ್ಕ ತಲೆಕೆಳಗಾಗುತ್ತಿತ್ತು. ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವ ಹೊತ್ತಿನಲ್ಲಿ, ಸುಣ್ಣದ ಪುಡಿ ಉದುರಿಸಿ, ಕೈ ತೊಳೆದು, ಒರೆಸಿಕೊಳ್ಳುವ ಮೊದಲೇ ಕರೆ ಬಂದರೆ ಐಫೋನಿನ ಗಾಜು ಒದ್ದೆ ಬೆರಳಿಗೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ನೀರಿನ ಹನಿಯನ್ನೂ ಬೆರಳೆಂದೇ ತಿಳಿದು ಬೇರೆಲ್ಲೋ ಒತ್ತಿದಂತೆ ವರ್ತಿಸುತ್ತಿತ್ತು. ಕೈಗವಸು ತೊಟ್ಟರಂತೂ ಏನೂ ನಡೆಯುತ್ತಿರಲಿಲ್ಲ. ನೋಕಿಯಾಕ್ಕೆ ಒತ್ತುವುದು ಏನೆಂಬುದು ಮುಖ್ಯವಲ್ಲ: ಉಗುರಾಗಲಿ, ಕಡ್ಡಿಯಾಗಲಿ, ಹಿಂಬದಿಯಿಂದ ಎಳೆದುಕೊಳ್ಳುವ ಸ್ಟೈಲಸ್ ಆಗಲಿ ಸಾಕು. ಕರೆ ಸ್ವೀಕರಿಸಲು ಪರದೆಯ ಕೆಳಗೆ ಹಸಿರು ಗುಂಡಿಯೂ ಇತ್ತು. ಇದಕ್ಕೆ ತೆತ್ತ ಬೆಲೆಯೆಂದರೆ ಪ್ಲಾಸ್ಟಿಕ್ ಪದರದ ಮೇಲೆ ಬೇಗ ಗೀರು ಬೀಳುತ್ತಿದ್ದುದು.

ಸ್ಪಷ್ಟತೆಯಲ್ಲಿ ನೋಕಿಯಾವೇ ಮುಂದೆ. ಅದರ 3.2 ಇಂಚಿನಲ್ಲಿ 640×360 ಚುಕ್ಕೆಗಳಿದ್ದರೆ ಐಫೋನಿನ 3.5 ಇಂಚಿನಲ್ಲಿ 480×320 ಮಾತ್ರ. ಮನೆಯೊಳಗೆ ಚಿಕ್ಕ ಅಕ್ಷರಗಳನ್ನು ಓದುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಿಪ್ಪುನೇರಳೆ ತೋಟದ ಬಿಸಿಲಿಗೆ ಬಂದರೆ ಮೇಲಿನ ಹೆಚ್ಚುವರಿ ಪದರ ಬೆಳಕನ್ನು ಚದುರಿಸಿ ನೋಕಿಯಾದ ಚಿತ್ರ ಪೇಲವವಾಗುತ್ತದೆ; ಐಫೋನ್ ಅಲ್ಲಿ ತುಸು ವಾಸಿ.

3ಜಿ ಎರಡರಲ್ಲೂ ಇತ್ತು, ಆದರೆ ಖಾಸಗಿ ಕಂಪನಿಗಳ 3ಜಿ ಸೇವೆ ದೇಶದಲ್ಲಿ ಆರಂಭವಾದದ್ದೇ 2010ರ ಕೊನೆಯಲ್ಲಿ. ಜಿಪಿಎಸ್, ವೈಫೈ ಎರಡರಲ್ಲೂ ಇದ್ದವು, ನಮಗೆ ಅವುಗಳ ಬಳಕೆ ಅಷ್ಟಕ್ಕಷ್ಟೇ.

ಕೊನೆಗೆ ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಬ್ಯಾಟರಿ. ನೋಕಿಯಾದ 1320 ಎಂಎಎಚ್‌ನ ಬಿಎಲ್-5ಜೆ ಬ್ಯಾಟರಿಯನ್ನು ಬಿಚ್ಚಿ ಇನ್ನೊಂದನ್ನು ಹಾಕಬಹುದಿತ್ತು, ಐಫೋನಿನದು ಒಳಗೇ ಮುಚ್ಚಿಹೋಗಿತ್ತು. ಕರೆಂಟು ಸರದಿಯ ಮೇಲೆ ಬರುತ್ತಿದ್ದ ಊರಿನಲ್ಲಿ ಜೇಬಿನೊಳಗಿನ ಒಂದು ಹೆಚ್ಚುವರಿ ಬ್ಯಾಟರಿ ದೊಡ್ಡ ಅನುಕೂಲ. ನೋಕಿಯಾದ ಮೇಲ್ತುದಿಯ ಮೈಕ್ರೋ ಯುಎಸ್‌ಬಿಯಿಂದ ಚಾರ್ಜ್ ಆಗುವುದಿಲ್ಲ ಎಂಬುದು ವಿಚಿತ್ರವೆನಿಸಿದರೂ, ಅದಕ್ಕೆ ಬೇಕಾದ ಸಣ್ಣ ಪಿನ್ನಿನ ಚಾರ್ಜರ್ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತಿತ್ತು. ಅಣ್ಣನ 30 ಪಿನ್ನಿನ ಕೇಬಲ್ ಹಾಳಾದಾಗ ಬೆಂಗಳೂರಿಗೇ ಹೋಗಬೇಕಾಯಿತು. ಬೆರಳಿನ ಸುಖಕ್ಕೆ ಐಫೋನ್ ಎಂದು ಅವನು ಈಗಲೂ ವಾದಿಸುತ್ತಾನೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೋಟಕ್ಕೂ ಮಾರುಕಟ್ಟೆಗೂ ಮಾತ್ರ ನಾನು ನೋಕಿಯಾವನ್ನೇ ಒಯ್ಯುತ್ತಿದ್ದೆ.