ಹನ್ನೊಂದು ಹಲ್ಲಿನ ಕ್ರಾಸ್‌ಕಟ್ ಕಿಟ್: ಡಿಸ್‌ಪ್ಲೇ ಗಾಜಿಗೆ ಆಗುತ್ತಾ?

ಪರದೆಯ ಪ್ರತಿಫಲನ ಚದುರಿಸಲು ಗಾಜಿಗೆ ಹಾಕುವ ಸಿಲಿಕಾ ಕಣಗಳ ಲೇಪನ ಗಟ್ಟಿಯಾಗಿ ಕೂತಿದೆಯೇ ಎಂದು ನೋಡಲು, ಲೇಪನವನ್ನು ಚೌಕಚೌಕವಾಗಿ ಗೀರಿ ಟೇಪಿನಿಂದ ಎಳೆದು ಪರೀಕ್ಷಿಸುವ ಈ ಕಿಟ್ ಸಾಕು. ಆದರೆ ಜೊತೆಗೆ ಬರುವ ಟೇಪನ್ನು ಕಣ್ಣುಮುಚ್ಚಿ ನಂಬಬೇಡಿ.

ಬ್ಲೇಡಿನ ಹಲ್ಲುಗಳ ಅಂತರ 1 ಮಿ.ಮೀ. ಲೇಪನದ ಹಿಡಿತವನ್ನು ಟೇಪಿನಿಂದ ಅಳೆಯುವ ಮಾನದಂಡವಾದ ಎಎಸ್‌ಟಿಎಂ ಡಿ3359ರ ಬಿ ವಿಧಾನದಲ್ಲಿ 50 ಮೈಕ್ರಾನ್‌ವರೆಗಿನ ದಪ್ಪದ ಲೇಪನಕ್ಕೆ ಇದೇ ಅಳತೆ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೀರಿದರೆ 100 ಚೌಕ. ಪುಡಿಯನ್ನು ಬ್ರಷ್‌ನಿಂದ ತೆಗೆದು, ಟೇಪು ಅಂಟಿಸಿ, ರಬ್ಬರಿನಿಂದ ಚೆನ್ನಾಗಿ ಉಜ್ಜಿ. ಸುಮಾರು 90 ಸೆಕೆಂಡಿಗೆ, ಟೇಪನ್ನು ಅದರ ಮೇಲೇ ಮಡಚಿದಂತೆ 180 ಡಿಗ್ರಿಗೆ ಹತ್ತಿರದ ಕೋನದಲ್ಲಿ, ಝಟಕಾ ಕೊಡದೆ ಬೇಗ ಎಳೆಯಿರಿ. ಏನೂ ಕಿತ್ತು ಬರದಿದ್ದರೆ ಅತ್ಯುತ್ತಮ ದರ್ಜೆ 5ಬಿ, ಗೀರಿದ ಜಾಗದ ಶೇ 65ಕ್ಕಿಂತ ಹೆಚ್ಚು ಹೋದರೆ ಅತಿ ಕಳಪೆ ದರ್ಜೆ 0ಬಿ.

ಎಡವುವುದು ಇಲ್ಲೇ. ಕಣಗಳ ಒರಟು ಮೈಮೇಲೆ ತೆಳು ಅಂಟಿನ ಟೇಪು ಉಬ್ಬುಗಳನ್ನಷ್ಟೇ ಮುಟ್ಟುತ್ತದೆ, ತಗ್ಗುಗಳಿಗೆ ಇಳಿಯುವುದಿಲ್ಲ. ಆಗ ಕಳಪೆ ಲೇಪನಕ್ಕೂ 5ಬಿ ಸಿಗುತ್ತದೆ. ಟೇಪಿನ ಕೆಳಗೆ ಬಣ್ಣ ಒಂದೇ ಸಮ ಆಗುವವರೆಗೆ ಉಜ್ಜಬೇಕು; ದಪ್ಪ ಅಂಟಿನ ಟೇಪು ಬೇರೆ ಕೊಳ್ಳುವುದೇ ಮೇಲು. ಬೆರಳಚ್ಚು ತಡೆಯುವ ಫ್ಲೋರಿನ್ ಪದರ ಹಾಕುವ ಮೊದಲೇ ಪರೀಕ್ಷೆ ಮುಗಿಸಿ, ಅದಕ್ಕೆ ಟೇಪು ಸರಿಯಾಗಿ ಹಿಡಿಯುವುದಿಲ್ಲ.

ಕಿಟ್‌ನಲ್ಲಿರುವ ಭೂತಗನ್ನಡಿ ನಿಜಕ್ಕೂ ಒಳ್ಳೆಯದು. ಚೌಕ ಇಡಿಯಾಗಿ ಎದ್ದು ಕೆಳಗೆ ಬರಿ ಗಾಜು ಕಂಡರೆ ಗಾಜು ತೊಳೆದದ್ದು ಸಾಲದು. ಟೇಪಿಗೆ ಬಿಳಿ ಪುಡಿ ಹತ್ತಿ ಗಾಜಿನ ಮೇಲೂ ಪದರ ಉಳಿದಿದ್ದರೆ ಕಣಗಳನ್ನು ಹಿಡಿದಿಡುವ ಬೈಂಡರ್ ಕಡಿಮೆ, ಇಲ್ಲವೇ ಬೇಯಿಸಿದ್ದು ಕಡಿಮೆ.

ಗಾಜಿನ ಮೇಲೆ ಬ್ಲೇಡು ಬೇಗ ಮೊಂಡಾಗುತ್ತದೆ. ಮೊಂಡು ಹಲ್ಲು ಗೀರಿನಂಚನ್ನು ಸಿಡಿಸುತ್ತದೆ, ಒಳ್ಳೆಯ ಲೇಪನವೂ ಫೇಲಾಗುತ್ತದೆ. ಬಿಡಿ ಬ್ಲೇಡು ಕೊಡದ ಅಂಗಡಿಯಲ್ಲಿ ಈ ಕಿಟ್ ತಗೋಬೇಡಿ.